ಕೆಸರು ಗಟ್ಟಿಯಾಗಿ ಆದ ಪದರುಗಲ್ಲಾದ ಕಪ್ಪು ಶೇಲ್‌ನಲ್ಲಿ ಇಂಗಾಲ ತುಂಬಿದೆಯಲ್ಲ, ಕಾರ್ಬನ್ ಡೇಟಿಂಗ್ ಯಾಕೆ ಆಗುವುದಿಲ್ಲ?

ಇಂಗಾಲ ಇದೆ ನಿಜ, ಆದರೆ ಬೇಕಾದ ಕಾರ್ಬನ್-14 (ಕಾಲ ಕಳೆದಂತೆ ತಾನೇ ಕ್ಷಯಿಸುವ ಇಂಗಾಲದ ಬಗೆ) ಒಂದಿಷ್ಟೂ ಉಳಿದಿಲ್ಲ. ಅದರ ಅರ್ಧಾಯು, ಅಂದರೆ ಅರ್ಧದಷ್ಟು ಕ್ಷಯಿಸಲು ಬೇಕಾದ ಕಾಲ, 5,730 ವರ್ಷ; 50,000 ವರ್ಷ ದಾಟಿದರೆ ಅಳೆಯಲು ಏನೂ ಸಿಗದು. ಬಿಹಾರ–ಉತ್ತರ ಪ್ರದೇಶದ ಗಡಿ ಭಾಗದ ವಿಂಧ್ಯ ಶ್ರೇಣಿಯಲ್ಲಿರುವ ಬಿಜಯಗಢ ಶೇಲ್‌ಗೆ ಸಿಕ್ಕಿರುವ ವಯಸ್ಸು 121 ಕೋಟಿ ವರ್ಷ, 5.2 ಕೋಟಿ ಆಚೀಚೆ.

ಆ ಅಂಕಿ ಬಂದದ್ದು ರೀನಿಯಂ–ಆಸ್ಮಿಯಂ ವಿಧಾನದಿಂದ. ಆಮ್ಲಜನಕವಿಲ್ಲದ ಕಡಲತಳದಲ್ಲಿ ಕೆಸರು ಕೂರುವಾಗ ಅದರಲ್ಲಿನ ಸಾವಯವ ಅಂಶ ನೀರಿನಿಂದ ಈ ಎರಡೂ ಲೋಹಗಳನ್ನು ಹೀರಿಕೊಳ್ಳುತ್ತದೆ. ಇಂಗಾಲ ಇಲ್ಲಿ ಗಡಿಯಾರವಲ್ಲ, ಗಡಿಯಾರದ ಡಬ್ಬಿ. ರೀನಿಯಂ-187 ಆಸ್ಮಿಯಂ-187 ಆಗುತ್ತಾ ಹೋಗುತ್ತದೆ. ಅರ್ಧಾಯು ಸುಮಾರು 4,160 ಕೋಟಿ ವರ್ಷ, ವಿಶ್ವದ ವಯಸ್ಸಿನ ಮೂರು ಪಟ್ಟು.

ಕೆಲಸ ಕೆಡುವುದು ಹೆಚ್ಚಾಗಿ ಮಾದರಿ ಆರಿಸುವಾಗಲೇ. ರಸ್ತೆ ಬದಿಯ ಬಂಡೆ ಬೇಡ: ಮಳೆ–ಗಾಳಿಗೆ ಎರಡು ಲೋಹಗಳೂ ಬೇರೆ ಬೇರೆ ಪ್ರಮಾಣದಲ್ಲಿ ತೊಳೆದುಹೋಗಿರುತ್ತವೆ. ನೆಲದಾಳಕ್ಕೆ ಕೊಳವೆ ಕೊರೆದು ತೆಗೆದ ಕಂಬದಾಕಾರದ ಕಲ್ಲು (ಕೋರ್) ಒಳ್ಳೆಯದು. ಖನಿಜದ ಎಳೆ ಹಾಯ್ದ ಭಾಗವನ್ನು ಬಿಟ್ಟು, ಗರಗಸದ ಗುರುತನ್ನು ಉಜ್ಜಿ ತೆಗೆದು, ಕನಿಷ್ಠ 20–30 ಗ್ರಾಂ ಪಿಂಗಾಣಿ ಗಿರಣಿಯಲ್ಲಿ ಪುಡಿ ಮಾಡಬೇಕು. ಲೋಹದ ಗಿರಣಿಯಾದರೆ ಅದರದ್ದೇ ಕಲಬೆರಕೆ ಸೇರುತ್ತದೆ. ಚಿಟಿಕೆಯಷ್ಟೇ ಪುಡಿ ಮಾಡಿದರೂ ಮೋಸ, ಏಕೆಂದರೆ ಕಲ್ಲಿನೊಳಗೇ ಈ ಲೋಹಗಳು ಒಂದೆಡೆಯಿಂದ ಇನ್ನೊಂದೆಡೆಗೆ ಸರಿದಿರಬಹುದು.

ಅರ್ಧ ಗ್ರಾಂನಷ್ಟು ಪುಡಿಗೆ ತೂಕ ಗೊತ್ತಿರುವ ರೀನಿಯಂ-185, ಆಸ್ಮಿಯಂ-190 ಅನ್ನು ಅಳತೆಗೋಲಾಗಿ ಬೆರೆಸಿ, ಕ್ರೋಮಿಕ್–ಗಂಧಕಾಮ್ಲ ಹಾಕಿ, ದಪ್ಪ ಗಾಜಿನ ಕೇರಿಯಸ್ ಕೊಳವೆಯಲ್ಲಿ ಬಾಯಿ ಬೆಸೆದು, 220 ಡಿಗ್ರಿ ಸೆಲ್ಸಿಯಸ್‌ನಲ್ಲಿ 48 ಗಂಟೆ ಬೇಯಿಸುತ್ತಾರೆ. ಬಾಯಿ ತೆರೆದಿಟ್ಟರೆ ಆಸ್ಮಿಯಂ ಆವಿಯಾಗಿ ಹಾರಿಹೋಗುತ್ತದೆ, ಅದೂ ವಿಷದ ಆವಿ. ರಾಜಾಮ್ಲ (ನೈಟ್ರಿಕ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲಗಳ ಮಿಶ್ರಣ) ಬಳಸಿದರೆ ನೆಲದಿಂದ ಹರಿದುಬಂದ ಹಳೆಯ ಮಣ್ಣಿನ ಆಸ್ಮಿಯಂ ಕೂಡ ಕರಗಿ ಲೆಕ್ಕ ಕೆಡಿಸುತ್ತದೆ. ಕ್ರೋಮಿಕ್ ಆಮ್ಲ ಬಹುಮಟ್ಟಿಗೆ ಸಾವಯವ ಅಂಶವನ್ನಷ್ಟೇ ಕರಗಿಸುತ್ತದೆ.

ಒಂದೇ ಮಾದರಿಯಿಂದ ವಯಸ್ಸು ಸಿಗದು. ಒಂದೇ ಕಿರಿದಾದ ಪದರದಿಂದ ಐದಾರು ತುಂಡಾದರೂ ಬೇಕು, ಅವುಗಳ ರೀನಿಯಂ–ಆಸ್ಮಿಯಂ ಅನುಪಾತ ಬೇರೆ ಬೇರೆ ಇರಬೇಕು. ಆಸ್ಮಿಯಂ-188ಕ್ಕೆ ಹೋಲಿಸಿದ ರೀನಿಯಂ-187ರ ಅನುಪಾತವನ್ನು ಅಡ್ಡ ಅಕ್ಷದಲ್ಲಿ, ಆಸ್ಮಿಯಂ-187ರ ಅನುಪಾತವನ್ನು ಲಂಬ ಅಕ್ಷದಲ್ಲಿ ಗ್ರಾಫಿನಲ್ಲಿಟ್ಟರೆ ನೇರ ಗೆರೆ ಬರುತ್ತದೆ. ಅದರ ಇಳಿಜಾರು 0.0204 ಎಂದುಕೊಳ್ಳಿ: 1.0204ರ ಸ್ವಾಭಾವಿಕ ಲಾಗರಿದಮ್ ಅನ್ನು ರೀನಿಯಂ-187ರ ಕ್ಷಯಾಂಕ (ವರ್ಷಕ್ಕೆ ಕ್ಷಯಿಸುವ ದರ) 1.666 × 10⁻¹¹ ರಿಂದ ಭಾಗಿಸಿದರೆ ಸುಮಾರು 121 ಕೋಟಿ.

ಗೆರೆ ನೆಟ್ಟಗೆ ಬಂದ ಮಾತ್ರಕ್ಕೆ ನಂಬಬೇಡಿ. ಲಂಬ ಅಕ್ಷವನ್ನು ಅದು ಮುಟ್ಟುವ ಜಾಗ ಅಂದಿನ ಕಡಲನೀರಿನ ಆಸ್ಮಿಯಂ ಅನುಪಾತ. ಅದು ಸೊನ್ನೆಗಿಂತ ಕೆಳಗಿಳಿದಿದ್ದರೆ ಅಂಥ ಕಡಲೇ ಇರಲು ಸಾಧ್ಯವಿಲ್ಲ. ಆ ವಯಸ್ಸನ್ನು ಬದಿಗಿಡಬೇಕು.