ಅಪ್‌ಗ್ರೇಡ್ ಆದಮೇಲೆ ರೇಡ್ ಕಾಣುತ್ತಿಲ್ಲ, ಡೇಟಾ ಹೋಯ್ತಾ?

ಪ್ರಶ್ನೆ: ಸರ್, ಬಸವನಗುಡಿಯಲ್ಲಿ ನಮ್ಮದೊಂದು ಫೋಟೊ ಸ್ಟುಡಿಯೊ ಇದೆ. ಮದುವೆ ಫೋಟೊಗಳೆಲ್ಲ ಉಬುಂಟು ಸರ್ವರ್‌ನಲ್ಲಿವೆ. ಎರಡು ಡಿಸ್ಕ್, ರೇಡ್ 1 (ಎರಡರಲ್ಲೂ ಒಂದೇ ಡೇಟಾ ಬರೆಯುವ ವ್ಯವಸ್ಥೆ), ಅದರ ಮೇಲೆ ಎಲ್‌ವಿಎಂ (ಡಿಸ್ಕ್ ಜಾಗವನ್ನು ವಾಲ್ಯೂಮ್ ಗ್ರೂಪ್ ಆಗಿ ಸೇರಿಸಿ ಹಂಚುವ ಪದರ). ಅಪ್‌ಗ್ರೇಡ್ ಮಾಡಿ ರೀಬೂಟ್ ಕೊಟ್ಟರೆ ‘ವಾಲ್ಯೂಮ್ ಗ್ರೂಪ್ ಸಿಗಲಿಲ್ಲ’ ಅಂತ ಇನಿಟ್‌ರಾಮ್‌ಎಫ್‌ಎಸ್ ಪ್ರಾಂಪ್ಟ್‌ನಲ್ಲೇ ನಿಂತಿದೆ. ಎಲ್ಲ ಹೋಯ್ತಾ?

ಉತ್ತರ: ಫೋಟೊಗಳು ಹಾಗೇ ಇರುವ ಸಾಧ್ಯತೆಯೇ ಜಾಸ್ತಿ. ಅಪ್‌ಗ್ರೇಡ್‌ನಲ್ಲಿ ಬದಲಾಗುವುದು ಕರ್ನಲ್ ಮತ್ತು ಅದರ ಜೊತೆ ಲೋಡ್ ಆಗುವ ಇನಿಟ್‌ರಾಮ್‌ಎಫ್‌ಎಸ್, ಅಂದರೆ ಬೂಟ್‌ನ ಆರಂಭಕ್ಕೆ ಬೇಕಾದ ಪುಟ್ಟ ತಾತ್ಕಾಲಿಕ ಫೈಲ್ ಸಿಸ್ಟಮ್. ರೇಡ್ ಜೋಡಿಸುವ ಎಂಡಿಎಡಿಎಂ ಅಥವಾ ಅದರ ಕಾನ್ಫಿಗ್ ಫೈಲ್ ಅದರೊಳಗೆ ಸರಿಯಾಗಿ ಸೇರದಿದ್ದರೆ ಅರೇ (ರೇಡ್‌ನಲ್ಲಿ ಜೋಡಿಸಿದ ಡಿಸ್ಕ್‌ಗಳ ಗುಂಪು) ಏಳುವುದಿಲ್ಲ. ಅರೇ ಇಲ್ಲದೆ ಎಲ್‌ವಿಎಂ ಏನನ್ನು ಹುಡುಕೀತು? ಎರರ್ ಎಲ್‌ವಿಎಂ ಹೆಸರಲ್ಲಿ ಬಂದರೂ ತೊಂದರೆ ಹೆಚ್ಚಾಗಿ ಕೆಳಗಿನ ಪದರದಲ್ಲಿರುತ್ತದೆ.

‘ಎಂಡಿಎಡಿಎಂ --ಕ್ರಿಯೇಟ್’, ‘ಪಿವಿಕ್ರಿಯೇಟ್’ ಇವೆರಡನ್ನು ಮಾತ್ರ ದಯವಿಟ್ಟು ಕೊಡಬೇಡಿ. ಗಾಬರಿಯಲ್ಲಿ ಜನ ಇದನ್ನೇ ಟೈಪ್ ಮಾಡುತ್ತಾರೆ. ಹಳೆಯ ಮಾಹಿತಿಯ ಮೇಲೆ ಹೊಸದು ಬರೆದುಬಿಡುತ್ತದೆ.

ಮೊದಲು ‘ಕ್ಯಾಟ್ /ಪ್ರಾಕ್/ಎಂಡಿಸ್ಟ್ಯಾಟ್’ ಕೊಟ್ಟು ಅರೇಯ ಸ್ಥಿತಿ ನೋಡಿ. ‘ಇನ್‌ಆಕ್ಟಿವ್’ ಅಂತಿದ್ದು ಡಿಸ್ಕ್ ಹೆಸರಿನ ಪಕ್ಕ ‘ಎಸ್’ ಇದ್ದರೆ ಜೋಡಣೆ ಅರ್ಧಕ್ಕೆ ನಿಂತಿದೆ. ಆ ಅರೇಯನ್ನು ‘ಎಂಡಿಎಡಿಎಂ --ಸ್ಟಾಪ್’ ಕೊಟ್ಟು ನಿಲ್ಲಿಸಿ, ‘ಎಂಡಿಎಡಿಎಂ --ಅಸೆಂಬಲ್ --ಸ್ಕ್ಯಾನ್’ ಕೊಡಿ. ಅರೇಯ ಹೆಸರು ಎಂಡಿ0 ಇದ್ದದ್ದು ಎಂಡಿ127 ಆಗಿ ಎದ್ದರೆ ಹೆದರಬೇಡಿ. ಕಾನ್ಫಿಗ್‌ನಲ್ಲಿ ಹೆಸರು ಸಿಗದಿದ್ದಾಗ ಹೀಗಾಗುತ್ತದೆ; ಎಲ್‌ವಿಎಂ ಗುರುತು ಹಿಡಿಯುವುದು ತನ್ನದೇ ಯುಯುಐಡಿಯಿಂದ (ವಿಶಿಷ್ಟ ಗುರುತು ಸಂಖ್ಯೆ). ಆಮೇಲೆ ವಾಲ್ಯೂಮ್ ಗ್ರೂಪ್ ಎಬ್ಬಿಸಲು ‘ಎಲ್‌ವಿಎಂ ವಿಜಿಚೇಂಜ್ -ಎವೈ’, ಕೊನೆಗೆ ‘ಎಕ್ಸಿಟ್’. ಬೂಟ್ ಮುಂದುವರಿಯಬೇಕು. ಎಂಡಿಎಡಿಎಂ ಕಮಾಂಡೇ ಅಲ್ಲಿಲ್ಲವೆಂದರೆ ಲೈವ್ ಯುಎಸ್‌ಬಿಯಿಂದ ಬೂಟ್ ಮಾಡಿ ಇದೇ ಕೆಲಸ ಮಾಡಿ.

ಒಂದು ಡಿಸ್ಕ್ ಸೇರದಿದ್ದರೆ ಎರಡರ ಮೇಲೂ ‘ಎಂಡಿಎಡಿಎಂ --ಎಗ್ಸಾಮಿನ್’ ಓಡಿಸಿ, ‘ಈವೆಂಟ್ಸ್’ ಸಂಖ್ಯೆ ಹೋಲಿಸಿ. ಕಡಿಮೆ ಇರುವ ಡಿಸ್ಕ್ ಹಿಂದೆ ಬಿದ್ದಿದೆ. ವ್ಯತ್ಯಾಸ ದೊಡ್ಡದಿದ್ದರೆ ಬಲವಂತವಾಗಿ ಸೇರಿಸಬೇಡಿ. ಎಸ್‌.ಪಿ. ರಸ್ತೆಯ ಕಂಪ್ಯೂಟರ್ ಅಂಗಡಿಗಳಿಗೆ ಹೋಗಿ ಇನ್ನೊಂದು ಡಿಸ್ಕ್ ತನ್ನಿ, ಸಂಖ್ಯೆ ಜಾಸ್ತಿ ಇರುವ ಡಿಸ್ಕನ್ನು ಡಿಡಿರೆಸ್ಕ್ಯೂ ಎಂಬ ಡಿಸ್ಕ್ ನಕಲು ಸಾಧನದಿಂದ ನಕಲು ಮಾಡಿಕೊಂಡ ಮೇಲೆ ಉಳಿದದ್ದು.

ಬೂಟ್ ಆಯ್ತು ಅಂತ ಅಲ್ಲಿಗೇ ಬಿಟ್ಟರೆ ಮುಂದಿನ ರೀಬೂಟ್‌ನಲ್ಲಿ ಮತ್ತೆ ಅದೇ ಗೋಳು. ‘ಎಂಡಿಎಡಿಎಂ --ಡೀಟೇಲ್ --ಸ್ಕ್ಯಾನ್’ ಕೊಡುವ ಸಾಲನ್ನು /ಇಟಿಸಿ/ಎಂಡಿಎಡಿಎಂ/ಎಂಡಿಎಡಿಎಂ.ಕಾನ್ಫ್‌ಗೆ ಹಾಕಿ, ಅದೇ ಅರೇಯ ಹಳೆಯ ಸಾಲು ಅಳಿಸಿ, ‘ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ -ಯು’ ಓಡಿಸಿ. ಈ ಕೊನೆಯ ಕಮಾಂಡ್ ಮರೆಯುವವರೇ ಜಾಸ್ತಿ.

ಇದೇ ತೊಂದರೆ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 9ರಲ್ಲಿ ಬಂದು, ಅರೇ ಚೆನ್ನಾಗಿದ್ದೂ ಪಿವಿ (ಎಲ್‌ವಿಎಂ ಬಳಸುವ ಡಿಸ್ಕ್ ಅಥವಾ ಅರೇ) ಕಾಣದಿದ್ದರೆ /ಇಟಿಸಿ/ಎಲ್‌ವಿಎಂ/ಡಿವೈಸಸ್ ಒಳಗಿನ ಸಿಸ್ಟಮ್.ಡಿವೈಸಸ್ ಫೈಲ್ ನೋಡಿ. ಆ ಫೈಲ್‌ನಲ್ಲಿ ಇಲ್ಲದ ಡಿಸ್ಕನ್ನು ಎಲ್‌ವಿಎಂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ‘ವಿಜಿಇಂಪೋರ್ಟ್‌ಡಿವೈಸಸ್ -ಎ’ ಕೊಟ್ಟರೆ ಸೇರುತ್ತದೆ.