ತಕಿಟ ತಕ ತಕಧಿಮಿ: ಹ್ಯಾಕೆಟ್ ಲೈವ್ ಆಲ್ಬಂನಲ್ಲಿ 9/8 ಎಣಿಸುವುದು

ಸ್ಟೀವ್ ಹ್ಯಾಕೆಟ್ 1971ರಿಂದ 1977ರವರೆಗೆ ಬ್ರಿಟನ್ನಿನ ರಾಕ್ ತಂಡ ಜೆನೆಸಿಸ್‌ನ ಗಿಟಾರ್ ವಾದಕರು. ತಂಡದ 1972ರ ‘ಫಾಕ್ಸ್‌ಟ್ರಾಟ್’ ಆಲ್ಬಂಗೆ ಐವತ್ತು ತುಂಬಿದಾಗ ತಮ್ಮದೇ ತಂಡದೊಂದಿಗೆ ಅದನ್ನು ಪೂರ್ತಿ ವೇದಿಕೆಗೆ ತಂದರು. 2022ರ ಬ್ರೈಟನ್ ಕಾರ್ಯಕ್ರಮ ‘ಫಾಕ್ಸ್‌ಟ್ರಾಟ್ ಅಟ್ ಫಿಫ್ಟಿ’ ಎಂದು 2023ರಲ್ಲಿ ಬಂತು. ಡ್ರಮ್ಸ್ ಕ್ರೇಗ್ ಬ್ಲಂಡೆಲ್, ಬಾಸ್ ಯೋನಾಸ್ ರೈಂಗೋಲ್ಡ್, ಕೀಬೋರ್ಡ್ ರೋಜರ್ ಕಿಂಗ್.

‘ಸಪ್ಪರ್ಸ್ ರೆಡಿ’, ಆರನೇ ಭಾಗ

‘ಫಾಕ್ಸ್‌ಟ್ರಾಟ್’ನ ಏಳು ಭಾಗಗಳ ಈ ದೀರ್ಘ ಕೃತಿಯಲ್ಲಿ ‘ಅಪಾಕಲಿಪ್ಸ್ ಇನ್ 9/8’ ಬಂದ ಕೂಡಲೇ ಎಣಿಕೆ ಕೈತಪ್ಪುತ್ತದೆ. 9/8 ಅಂದರೆ ಒಂದು ಸುತ್ತಿಗೆ (ಆವರ್ತಕ್ಕೆ) ಒಂಬತ್ತು ಎಣಿಕೆ, ಸಾಮಾನ್ಯವಾಗಿ 3+3+3, ತಕಿಟ ತಕಿಟ ತಕಿಟ. ಇಲ್ಲಿರುವುದು 3+2+4:

ತಕಿಟ | ತಕ | ತಕಧಿಮಿ

3+3+3ರಲ್ಲಿ ಪೆಟ್ಟು ಬೀಳುವುದು 1, 4, 7ರ ಮೇಲೆ. ಇಲ್ಲಿ 1, 4, 6ರ ಮೇಲೆ. ಮೂರನೇ ಪೆಟ್ಟು ಒಂದೇ ಒಂದು ಅಕ್ಷರ ಮೊದಲು ಬರುತ್ತದೆ, ಎಡವುವುದೂ ಅಲ್ಲೇ. ಕರ್ನಾಟಕ ಸಂಗೀತದ ಒಂಬತ್ತರ ಎಣಿಕೆಯಾದ ಸಂಕೀರ್ಣ ಜಾತಿಯನ್ನು ‘ತಕಧಿಮಿ ತಕತಕಿಟ’ ಎಂದು ಕಲಿತವರು ಇನ್ನೂ ಎಚ್ಚರವಾಗಿರಬೇಕು: ಒಟ್ಟು ಒಂಬತ್ತೇ, ಆದರೆ ನಾಲ್ಕು ಇಲ್ಲಿ ಕೊನೆಗೆ ಬರುತ್ತದೆ.

‘ಒಂದು, ಎರಡು, ಮೂರು’ ಎಂದು ಎಣಿಸಬೇಡಿ. ಒಂದೊಂದು ಸಂಖ್ಯೆಗೂ ಎರಡು ಮೂರು ಅಕ್ಷರ ಹಿಡಿಯುತ್ತದೆ, ಆ ವೇಗಕ್ಕೆ ನಾಲಿಗೆ ಹೊರಳುವುದಿಲ್ಲ. ಜತಿಯಲ್ಲಾದರೆ, ಅಂದರೆ ತಕಿಟ, ತಕದಂಥ ಸೊಲ್ಲುಗಳಲ್ಲಾದರೆ, ಒಂದು ಎಣಿಕೆಗೆ ಒಂದೇ ಅಕ್ಷರ. ಮೊದಲು ನಿಧಾನವಾಗಿ ಹೇಳುತ್ತಾ ಮೂರು ಗುಂಪುಗಳ ಮೊದಲ ಅಕ್ಷರಕ್ಕೆ ಮಾತ್ರ ತೊಡೆ ತಟ್ಟಿ. ಕೊನೆಯ ‘ಮಿ’ಯನ್ನು ನುಂಗಿದರೆ 3+2+3 ಆಗಿ ಎಂಟಕ್ಕೆ ಇಳಿಯುತ್ತದೆ. ಎಂಟು ಕಿವಿಗೆ ರೂಢಿಯಾದದ್ದು, ಅದಕ್ಕೇ ತಪ್ಪು ಗೊತ್ತೇ ಆಗುವುದಿಲ್ಲ.

ಇನ್ನು ಆರ್ಗನ್. ಅದು ಈ ಒಂಬತ್ತಕ್ಕೆ ಜಗ್ಗದೆ ಬಹುಪಾಲು 4/4ರ ನಡೆಯಲ್ಲಿ, ನಡುನಡುವೆ ಏಳರಲ್ಲಿ ಓಡುತ್ತದೆ. ಅದರ ಬೆನ್ನು ಹತ್ತಿದರೆ ತಾಳ ಹೋಯಿತು. ಒಂಬತ್ತನ್ನೇ ಹಿಡಿದು ಗುದ್ದುವ ಬಾಸ್‌ಗೆ ಕಿವಿ ಕೊಡಿ.

ಅಭ್ಯಾಸಕ್ಕೆ: ಬಾಯಲ್ಲಿ ಒಂಬತ್ತರ ಜತಿ, ಕೈಯಲ್ಲಿ ಎಂಟಕ್ಕೊಂದು ಚಪ್ಪಾಳೆ. ಎರಡೂ ಒಟ್ಟಿಗೆ ಶುರುವಾದರೆ ಎರಡನೇ ಚಪ್ಪಾಳೆ ಮೊದಲ ಆವರ್ತದ ಒಂಬತ್ತನೇ ಅಕ್ಷರಕ್ಕೆ ಬೀಳುತ್ತದೆ. ಮೂರನೆಯದು ಎರಡನೇ ಆವರ್ತದ ಎಂಟಕ್ಕೆ, ನಾಲ್ಕನೆಯದು ಮೂರನೇ ಆವರ್ತದ ಏಳಕ್ಕೆ. ಹೀಗೆ ಒಂದೊಂದೇ ಹಿಂದೆ ಸರಿದು 72 ಅಕ್ಷರ ಮುಗಿದ ಮೇಲೆ ಎರಡೂ ಮತ್ತೆ ಸಮಕ್ಕೆ, ಅಂದರೆ ಆವರ್ತದ ಮೊದಲ ಅಕ್ಷರಕ್ಕೆ, ಕೂಡುತ್ತವೆ. ಆರ್ಗನ್ ಈ ಲೆಕ್ಕಕ್ಕೆ ಕಟ್ಟುಬಿದ್ದಿಲ್ಲ, ಇದು ಕಿವಿಯನ್ನು ಗಟ್ಟಿ ಮಾಡುವುದಕ್ಕೆ ಮಾತ್ರ. ಆದರೆ ಇದು ಕೈಗೆ ಹತ್ತಿದ ಮೇಲೆ ಆ ಭಾಗ ಗೊಂದಲವೆನಿಸದೆ ಎರಡು ಚಕ್ರ ಜೊತೆಗೆ ತಿರುಗಿದಂತೆ ಕೇಳುತ್ತದೆ. ಅದೊಂದು ಅಪೂರ್ವ ಸುಖ.

ಉಳಿದದ್ದು

‘ಹೊರೈಜನ್ಸ್’: ಇದೇ ಆಲ್ಬಂನ ಕೃತಿ. ಅಕೂಸ್ಟಿಕ್ ಗಿಟಾರ್ ಒಂದೇ, ಎರಡು ನಿಮಿಷವೂ ಇಲ್ಲ. ಬಾಖ್‌ನ ಮೊದಲ ಚೆಲ್ಲೋ ಸ್ವೀಟ್‌ನ (suite, ಕೃತಿಮಾಲೆ) ಪ್ರಿಲ್ಯೂಡ್, ಅಂದರೆ ಆರಂಭದ ತುಣುಕಿನ ಜೊತೆಗಿಟ್ಟು ಕೇಳಿ, ಆರಂಭದ ನೆಂಟಸ್ತಿಕೆ ತಾನೇ ತಿಳಿಯುತ್ತದೆ.

‘ಸಪ್ಪರ್ಸ್ ರೆಡಿ’ಯ ಕೊನೆ: ಸ್ಟುಡಿಯೋ ಆವೃತ್ತಿಯಲ್ಲಿ ದನಿ ಕರಗುತ್ತಾ ಮುಗಿಯುತ್ತದೆ. ವೇದಿಕೆಯಲ್ಲಿ ಹಾಗೆ ಮುಗಿಸಲಾಗದು, ಹ್ಯಾಕೆಟ್ ಅಲ್ಲಿ ಗಿಟಾರ್ ಸೋಲೋವನ್ನು ಹಿಗ್ಗಿಸುತ್ತಾರೆ.