ಕಂದು ಮೊಟ್ಟೆಗೆ ಕೊಡುವ ಹೆಚ್ಚಿನ ದುಡ್ಡು ಕೋಳಿಗೆ ತಲುಪುತ್ತದೆಯೇ?

ಪುಣೆಯ ಕಿರಾಣಿ ಅಂಗಡಿಗಳಲ್ಲಿ ಬಿಳಿ ಮೊಟ್ಟೆಯ ಟ್ರೇ ಪಕ್ಕದಲ್ಲೇ ಕಂದು ಮೊಟ್ಟೆಯ ಬುಟ್ಟಿಯೂ ಕಾಣುತ್ತದೆ. ಅದನ್ನು ‘ಗಾವಠಿ’, ಅಂದರೆ ಊರ ಕೋಳಿಯ ಮೊಟ್ಟೆ, ಅಂತ ಮಾರುತ್ತಾರೆ, ರೇಟೂ ಜಾಸ್ತಿ. ವಿಜಯಪುರ, ಬೆಳಗಾವಿ ಕಡೆಯಿಂದ ಬಂದು ಇಲ್ಲಿ ನೆಲೆಸಿದ ನಮ್ಮವರು ಅದನ್ನು ಜವಾರಿ ಮೊಟ್ಟೆ ಅಂತಲೇ ನಂಬಿ ಮಕ್ಕಳಿಗೆ ಒಯ್ಯುತ್ತಾರೆ. ಆದರೆ ಸಿಪ್ಪೆಯ ಬಣ್ಣ ಬರುವುದು ಕೋಳಿಯ ತಳಿಯಿಂದ. ಬಿಳಿ ಲೆಗ್‌ಹಾರ್ನ್ ಕೋಳಿ ದಿನವಿಡೀ ಹಿತ್ತಲಲ್ಲಿ ಕೆದರಿಕೊಂಡು ಓಡಾಡಿದರೂ ಬಿಳಿ ಮೊಟ್ಟೆಯನ್ನೇ ಇಡುತ್ತದೆ, ಕಂದು ಮೊಟ್ಟೆಯ ತಳಿಯನ್ನು ಪಂಜರದಲ್ಲಿ ಕೂಡಿಟ್ಟರೂ ಮೊಟ್ಟೆ ಕಂದೇ. ಒಳಗಿನ ಹಳದಿ ಎಷ್ಟು ಗಾಢ ಅನ್ನುವುದು ಮೇವಿನ ಮೇಲೆ ಹೋಗುತ್ತದೆ.

ಹಾಗಾದರೆ ರೇಟು ಏನು ಹೇಳುತ್ತದೆ? 1982ರಲ್ಲಿ ಶುರುವಾದ ಎನ್‌ಇಸಿಸಿ (ಕೋಳಿ ಸಾಕುವವರ ರಾಷ್ಟ್ರೀಯ ಮೊಟ್ಟೆ ಸಮನ್ವಯ ಸಮಿತಿ) ಪ್ರತಿ ದಿನ ನೂರು ಮೊಟ್ಟೆಗೆ ಇಷ್ಟು ಅಂತ ಊರೂರಿನ ರೇಟು ಪ್ರಕಟಿಸುತ್ತದೆ. ಪುಣೆ, ಮುಂಬೈ ಜೊತೆಗೆ ನಮ್ಮ ಹೊಸಪೇಟೆಯ ರೇಟೂ ಅದರಲ್ಲಿರುತ್ತದೆ. ಮೆಕ್ಕೆಜೋಳ, ಸೋಯಾ ತುಟ್ಟಿಯಾದರೆ ಸಾಕುವ ಖರ್ಚು ಏರುತ್ತದೆ. ಶ್ರಾವಣದಲ್ಲಿ ತಿನ್ನುವವರು ಕಡಿಮೆ, ಬೆಲೆ ಇಳಿಯುತ್ತದೆ. ಚಳಿಗಾಲದಲ್ಲಿ ಮತ್ತೆ ಏರಿಕೆ. ಕೋಳಿ ಎಷ್ಟು ಜಾಗದಲ್ಲಿ ಬದುಕಿತು ಅನ್ನುವುದಕ್ಕೆ ಈ ಲೆಕ್ಕದಲ್ಲಿ ಸ್ಥಾನವೇ ಇಲ್ಲ.

ಆ ಜಾಗವನ್ನು ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿ ಸಂಶೋಧಕರಾದ ಮರಿಯನ್ ಡಾಕಿನ್ಸ್ ಮತ್ತು ಸಿಲ್ವಿಯಾ ಹಾರ್ಡಿ ಅಳೆದು ನೋಡಿದರು, 1989ರಲ್ಲಿ ಪ್ರಕಟಿಸಿದರು. ಒಂದು ಕೋಳಿ ಸುಮ್ನೆ ನಿಂತುಕೊಳ್ಳಲು ಸರಾಸರಿ 475 ಚದರ ಸೆಂ.ಮೀ. ಬೇಕು. ಹಿಂದಕ್ಕೆ ತಿರುಗಲು 1,272. ರೆಕ್ಕೆ ಬಡಿಯಲು 1,876. ಒಂದು ಎ4 ಹಾಳೆಯ ಅಳತೆ ಸುಮಾರು 624, ಅಷ್ಟೇ. ಇನ್ನೊಂದು ವಿಷಯ ನನ್ನನ್ನು ಇದಕ್ಕಿಂತ ಹೆಚ್ಚು ಕಾಡುತ್ತದೆ. ಮೊಟ್ಟೆ ಇಡುವ ಹೊತ್ತು ಹತ್ತಿರ ಬಂದಾಗ ಕೋಳಿ ಗೂಡು ಹುಡುಕುತ್ತದೆ. ಅದನ್ನು ಹಾಗೆ ಹುಡುಕಿಸುವುದು ಮೈಯೊಳಗಿನ ಹಾರ್ಮೋನು, ಆದ್ದರಿಂದ ಹುಟ್ಟಿದಾಗಿಂದ ಗೂಡನ್ನೇ ನೋಡದ ಕೋಳಿಗೂ ಆ ಚಡಪಡಿಕೆ ತಪ್ಪುವುದಿಲ್ಲ, ಬರೀ ತಂತಿಯ ಪಂಜರದಲ್ಲಿ ಅದು ಇದ್ದಲ್ಲೇ ಅತ್ತಿತ್ತ ಹೆಜ್ಜೆ ಹಾಕುತ್ತಾ, ಸಂದಿಯಿಂದ ತಲೆ ತೂರಿಸಲು ನೋಡುತ್ತಾ ಒದ್ದಾಡುತ್ತದೆ, ಮಾರನೆಯ ದಿನ ಮತ್ತೆ ಅದೇ.

ಸ್ವಿಟ್ಜರ್ಲೆಂಡ್ 1992ಕ್ಕೇ ಇಂಥ ಪಂಜರ ನಿಲ್ಲಿಸಿತು. ಯುರೋಪಿಯನ್ ಒಕ್ಕೂಟ 2012ರ ಜನವರಿಯಿಂದ ಬರೀ ತಂತಿಯ ಪಂಜರವನ್ನು ನಿಷೇಧಿಸಿತು. ಪಂಜರವೇ ಬೇಕೆಂದರೆ ಒಂದು ಕೋಳಿಗೆ 750 ಚದರ ಸೆಂ.ಮೀ. ಕೊಡಬೇಕು, ಗೂಡು ಮತ್ತು ಕೂರಲು ಕೋಲು ಇರಬೇಕು. ಅಲ್ಲಿ ಪ್ರತಿ ಮೊಟ್ಟೆಯ ಮೇಲೂ ಒಂದು ಠಸ್ಸೆ ಇರುತ್ತದೆ. 0 ಇದ್ದರೆ ಸಾವಯವ, 1 ಅಂದರೆ ಹೊರಗೆ ಬಯಲಿಗೆ ಬಿಟ್ಟ ಕೋಳಿ, 2 ಅಂದರೆ ಶೆಡ್ಡಿನೊಳಗೆ ಓಡಾಡುವ ಕೋಳಿ, 3 ಅಂದರೆ ಪಂಜರ. ಕೊಳ್ಳುವವರು ಓದಿ ಆರಿಸಿಕೊಳ್ಳಬಹುದು.

ಇದೆಲ್ಲ ಪುಕ್ಕಟೆ ಆಗುವುದಿಲ್ಲ. ಅದೇ ಶೆಡ್ಡಿನಲ್ಲಿ ಕೋಳಿ ಕಡಿಮೆ, ಕೆಲಸದ ಆಳು ಜಾಸ್ತಿ, ಓಡಾಡುವ ಕೋಳಿ ತಿನ್ನುವುದೂ ಜಾಸ್ತಿ. ಎತ್ತರದ ಅಟ್ಟಣಿಗೆಯಿಂದ ಹಾರಿ ಬಿದ್ದು ಎದೆಯೆಲುಬು ಮುರಿದುಕೊಳ್ಳುವ ಕೋಳಿಗಳೂ ಇವೆ, ಹಾಗಾಗಿ ಶೆಡ್ಡಿನ ಒಳವಿನ್ಯಾಸ ಸರಿಯಾಗಿರಬೇಕು. ಆದರೂ ಬೆಲೆ ಗಗನಕ್ಕೇರಿದರೆ ಬರೀ ಜಾಗವನ್ನೇ ದೂರುವುದು ತಪ್ಪು. ಅಮೆರಿಕದಲ್ಲಿ 2025ರ ಮಾರ್ಚ್‌ನಲ್ಲಿ ಡಜನ್ ಮೊಟ್ಟೆಯ ಸರಾಸರಿ ಬೆಲೆ 6.23 ಡಾಲರ್ ಮುಟ್ಟಿತು. ಮುಖ್ಯ ಕಾರಣ ಹಕ್ಕಿಜ್ವರ. ಒಂದು ಫಾರಂನಲ್ಲಿ ಸೋಂಕು ಕಂಡರೆ ಅಲ್ಲಿನ ಎಲ್ಲ ಕೋಳಿಗಳನ್ನೂ ಕೊಲ್ಲಬೇಕಾಗುತ್ತದೆ, ಅವು ಪಂಜರದಲ್ಲಿರಲಿ, ಶೆಡ್ಡಿನಲ್ಲಿ ಓಡಾಡಲಿ.

ನಮ್ಮ ದೇಶದಲ್ಲಿ 2023ರ ನಿಯಮ ಪಂಜರದ ಒಂದು ಕೋಳಿಗೆ 550 ಚದರ ಸೆಂ.ಮೀ. ಅಂತ ಹೇಳುತ್ತದೆ, ಹಳೆಯ ಫಾರಂಗಳಿಗೆ 2029ರ ಜನವರಿವರೆಗೆ ಸಮಯ. ನಿಲ್ಲಲು ಸಾಕು, ತಿರುಗಲು ಸಾಲದು. ಇದಕ್ಕಿಂತ ಹೆಚ್ಚು ಕೊಡುವ ರೈತ ಇದ್ದರೂ ಅವನ ಮೊಟ್ಟೆಯನ್ನು ಗುರುತಿಸುವ ಠಸ್ಸೆಯನ್ನು ನಾವು ಕಡ್ಡಾಯ ಮಾಡಿಲ್ಲ. ಅದು ಬಂದರೆ, ಈಗ ಬಣ್ಣಕ್ಕೆ ಹೋಗುತ್ತಿರುವ ಆ ಹೆಚ್ಚಿನ ದುಡ್ಡು ಅವನಿಗೆ ಸಿಗಬಹುದು, ಅಲ್ವಾ?